ಕೊನೇ ಬೆಂಚಿನ ಮೇಲಿನ ಸ್ಲ್ಯಾಬು

ಇಪ್ಪತ್ತೊಂದು ವರ್ಷ ಮಾಸ್ತರಿಕೆ ಮಾಡಿದ ಮೇಲೆ, ಹೋದ ವರ್ಷದ ಮಾರ್ಚಿನಲ್ಲಿ ಮೊದಲ ಸಲ ನನ್ನದೇ ತರಗತಿಯ ಕೊನೇ ಬೆಂಚಿನಲ್ಲಿ ಕೂತೆ. ಬೇಕಂತ ಕೂತದ್ದಲ್ಲ. ಒಂಬತ್ತನೇ ತರಗತಿಗೆ ರಿವಿಜನ್ ನಡೆದಿತ್ತು. ಹೆರಾನ್ ಸೂತ್ರದ ಲೆಕ್ಕವನ್ನು ಒಬ್ಬ ಹುಡುಗಿ ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತೇನೆ ಅಂದಳು. ಅವಳಿಗೆ ಜಾಗ ಬಿಟ್ಟು ನಾನು ಹಿಂದೆ ಹೋದೆ, ಗೋಡೆ ಬದಿಗೆ ಹುಡುಗರು ಸರಿದು ಕೊಟ್ಟ ಗೇಣು ಜಾಗದಲ್ಲಿ ಕೂತೆ. ಹೊತ್ತು ಮೂರು ಗಂಟೆ. ಐದು ನಿಮಿಷ ಆಗಿರಲಿಲ್ಲ, ನನಗೆ ನೆತ್ತಿ ಸುಡತೊಡಗಿತು. ಜ್ವರ ಬಂದಿದೆಯೇನೋ ಅಂತ ಹಣೆ ಮುಟ್ಟಿ ನೋಡಿಕೊಂಡೆ. ಪಕ್ಕದಲ್ಲಿದ್ದ ಹುಡುಗ ಅದನ್ನು ನೋಡಿ ಮೆಲ್ಲಗೆ ಅಂದ: "ಮ್ಯಾಲಿಂದ ಬರ್ತದ್ರಿ ಸರ್. ನಾವು ದಿನಾ ಕೂಡ್ತೀವಲ್ರಿ."

ದೂರು ಹೇಳುವ ದನಿ ಅಲ್ಲ ಅದು. ಊರಿಗೆ ಹೊಸದಾಗಿ ಬಂದವನಿಗೆ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಹೇಳುತ್ತಾರಲ್ಲ, ಹಾಗೆ.

ನಮ್ಮದು ಸೇಡಂ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆ. ಕಾಗಿಣಾ ನದಿಯ ಈಚೆ ದಂಡೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಇಲ್ಲಿಂದ ದೂರವಿಲ್ಲ. ನೆಲ ತೋಡಿದರೆ ಸುಣ್ಣದ ಕಲ್ಲು. ಆ ಕಲ್ಲಿನಿಂದ ಸಿಮೆಂಟು ಆಗುತ್ತದೆ, ಸಿಮೆಂಟಿನ ಲಾರಿಗಳು ಹಗಲೂರಾತ್ರಿ ಓಡಾಡುತ್ತವೆ. ಅದೇ ಸಿಮೆಂಟಿನ ಸ್ಲ್ಯಾಬು ನಮ್ಮ ಮಕ್ಕಳ ತಲೆಯ ಮೇಲಿದೆ. ಇಲ್ಲಿ ಮಾರ್ಚಿನ ಕೊನೆಗೆ 38, 39 ಡಿಗ್ರಿ ಮಾಮೂಲು, ಏಪ್ರಿಲ್-ಮೇನಲ್ಲಿ 40 ದಾಟುವುದು ಸುದ್ದಿಯೇ ಅಲ್ಲ. ಆ ಎರಡು ತಿಂಗಳು ನಮ್ಮ ಕಡೆ ಸರಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಸಾಲಿಗೆ, ಅಂದರೆ ಶಾಲೆಗೆ, ಏಪ್ರಿಲ್ ಎರಡನೇ ವಾರದಿಂದ ರಜೆ. ಹಾಗಾಗಿ "ಬಿಸಿಲಿನಾಗ ಸಾಲಿ ಎಲ್ಲದ?" ಅಂತ ಕೇಳುವವರಿದ್ದಾರೆ. ಫೆಬ್ರುವರಿ ಅರ್ಧದಿಂದ ಏಪ್ರಿಲ್ ಹತ್ತರವರೆಗೆ, ಆಮೇಲೆ ಮಳೆ ಬೀಳುವ ಮುಂಚಿನ ಜೂನು: ಅದನ್ನು ಲೆಕ್ಕ ಹಾಕಿದವರು ಹಾಗೆ ಕೇಳುವುದಿಲ್ಲ. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿವೆ. ಮೊದಲನೆಯದರಲ್ಲಿ ಬಿದ್ದವರು ಮುಂದಿನದಕ್ಕೆ ಓದುವುದು ಸುಡುಬೇಸಿಗೆಯಲ್ಲೇ.

ಆ ದಿನ ಸಂಜೆ ಮನೆಗೆ ಹೋಗುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಅದೇ ಕೋಣೆಯಲ್ಲಿ ದಿನಕ್ಕೆ ನಾಲ್ಕು ಪೀರಿಯಡ್ ತಗೊಳ್ಳುವ ನನಗೆ ಇಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ? ಉತ್ತರ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಕೋಣೆಯಲ್ಲಿ ಎರಡು ಫ್ಯಾನು. ಒಂದು ಬೋರ್ಡಿನ ಮುಂದೆ, ನನ್ನ ಟೇಬಲ್ಲಿನ ನೆತ್ತಿಗೆ ಸರಿಯಾಗಿ. ಇನ್ನೊಂದು ನಡುವೆ, ಕೆಪಾಸಿಟರ್ ಸತ್ತು ಜಾತ್ರೆಯ ತೊಟ್ಟಿಲಿನ ಹಾಗೆ ನಿಧಾನ ತಿರುಗುವುದು. ಹಿಂದಿನ ಮೂರು ಸಾಲಿಗೆ ಏನೂ ಇಲ್ಲ. ನಾನೋ, ಓಡಾಡುತ್ತೇನೆ, ಬೇಕಾದಾಗ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ, ಬೇಕಾದಾಗ ಬಾಟಲಿ ಎತ್ತುತ್ತೇನೆ, ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತೇನೆ. ಪೀರಿಯಡ್ ಮುಗಿದರೆ ಸ್ಟಾಫ್ ರೂಮಿನ ಕೂಲರ್ ಇದೆ. ಮಗು ಕೂತಲ್ಲೇ ಕೂತಿರಬೇಕು.

ವಿಜ್ಞಾನದ ಮಾಸ್ತರನಾದ ಮೇಲೆ ಅಳೆದು ನೋಡದೆ ಇರಲಾಗುವುದಿಲ್ಲ. ಸಾಲಿಯ ಕಪಾಟಿನಲ್ಲಿ ಕೊರೊನಾ ಕಾಲದ ಗನ್ ಇತ್ತು, ಗೇಟಿನಲ್ಲಿ ನಿಂತು ಮಕ್ಕಳ ಹಣೆಗೆ ಹಿಡಿಯುತ್ತಿದ್ದೆವಲ್ಲ, ಅದು. ಹೊಸ ಸೆಲ್ ಹಾಕಿ ಛತ್ತಿಗೆ ಹಿಡಿದೆ. ಪರದೆ ಕೆಂಪಾಗಿ 'ಹೈ' ಅಂತ ತೋರಿಸಿ ಕಿರುಚಿತು. ಮನುಷ್ಯರ ಜ್ವರ ನೋಡಲು ಮಾಡಿದ್ದು, 43ರ ಆಚೆ ಅದಕ್ಕೆ ಲೆಕ್ಕವೇ ಇಲ್ಲ. "ಬಿಲ್ಡಿಂಗಿಗೆ ಕೊರೊನಾ ಬಂದದ್ರಿ ಸರ್" ಅಂತ ತರಗತಿ ನಕ್ಕಿತು. ನಾನು ಗನ್ ಒಳಗಿಡಬೇಕು ಅನ್ನುವಷ್ಟರಲ್ಲಿ, ಪರೀಕ್ಷೆಯಲ್ಲಿ ಮೂವತ್ತೈದು ತೆಗೆಯಲು ಒದ್ದಾಡುವ ಒಬ್ಬ ಹುಡುಗ ಇಸಕೊಂಡು, ಪಕ್ಕದ ಗುಂಡಿಯನ್ನು ಒತ್ತಿ ಹಿಡಿದ. ಅದರಲ್ಲಿ ವಸ್ತುವಿನ ಮೇಲ್ಮೈ ಅಳೆಯುವ ಇನ್ನೊಂದು ಮೋಡ್ ಇದೆ. ನನಗೆ ಐದು ವರ್ಷದಿಂದ ಗೊತ್ತಿರಲಿಲ್ಲ. ಈಗ ಛತ್ತು 46 ಅಂದಿತು. ಪೂರ್ವದ ಗೋಡೆ 37. ನೆಲ 34.

ಗನ್ನು ತೋರಿಸುವುದು ಮೇಲ್ಮೈಯನ್ನು. ಅದರ ಕೆಳಗೆ ಕೂತ ಮೈಗೆ ಏನಾಗುತ್ತದೆ ಅನ್ನುವುದಕ್ಕೆ ಇನ್ನೊಂದು ಉಪಾಯವಿದೆ. ಟೇಬಲ್ ಟೆನಿಸ್ ಚೆಂಡಿಗೆ ಕಪ್ಪು ಬಣ್ಣ ಬಳಿದು ಒಳಗೆ ಥರ್ಮಾಮೀಟರಿನ ಬುಡ ತೂರಿಸುವುದು. ಗಾಳಿಯ ಬಿಸಿಯ ಜತೆಗೆ ಸುತ್ತಲಿಂದ ಬರುವ ಝಳವನ್ನೂ ಕಪ್ಪು ಚೆಂಡು ಹೀರಿಕೊಂಡು ತೋರಿಸುತ್ತದೆ. ಪ್ರಯೋಗಾಲಯದವರು 15 ಸೆಂಟಿಮೀಟರಿನ ಕಪ್ಪು ತಾಮ್ರದ ಗೋಳ ಬಳಸುತ್ತಾರೆ. ಆದರೆ ಕೋಣೆಯ ಒಳಗಿನ ಕೆಲಸಕ್ಕೆ 40 ಮಿಲಿಮೀಟರಿನ ಈ ಚೆಂಡು ಸಾಕು. ಕಲಬುರಗಿಯ ಆಟದ ಸಾಮಾನಿನ ಅಂಗಡಿಯಿಂದ ಮೂರು ಚೆಂಡು ತಂದೆ. ಬಣ್ಣಕ್ಕೆ ಏನು ಮಾಡುವುದು? ಬ್ಲ್ಯಾಕ್‌ಬೋರ್ಡಿಗೆ ಬಳಿಯುವ ಬಣ್ಣದ ಡಬ್ಬಿ ಇತ್ತಲ್ಲ! ಹೊಳಪಿಲ್ಲದ ಕಪ್ಪು, ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಒಂದನ್ನು ನನ್ನ ಟೇಬಲ್ಲಿನ ಹತ್ತಿರ, ಒಂದನ್ನು ಕೊನೇ ಬೆಂಚಿನ ಮೇಲೆ ಮಗುವಿನ ತಲೆಯ ಎತ್ತರಕ್ಕೆ ದಾರ ಕಟ್ಟಿ ತೂಗುಬಿಟ್ಟೆವು. ಮೂರನೆಯದಕ್ಕೆ ತೂತು ಕೊರೆಯುವಾಗ ಬಿರುಕು ಬಿಟ್ಟಿತು.

ಮಾರ್ಚ್ ಕೊನೆಯ ಒಂದು ದಿನ, ಮಧ್ಯಾಹ್ನ ಮೂರರ ಲೆಕ್ಕ ನನ್ನ ಡೈರಿಯಲ್ಲಿ ಹೀಗಿದೆ. ಹೊರಗೆ ಬೇವಿನ ನೆರಳಿನಲ್ಲಿ 38.5. ಕೋಣೆಯ ಗಾಳಿ 37. ಕೊನೇ ಬೆಂಚಿನ ಚೆಂಡು 40. ಅಂದರೆ ಹೊರಗೆ ಮರದ ಕೆಳಗೆ ಕೂತ ನಾಯಿಗಿಂತ ಒಳಗೆ ಕೂತ ಮಗುವಿಗೆ ಹೆಚ್ಚು ಬಿಸಿ.

ಸೆಕೆ ಅಂದರೆ ನಾವು ಗಾಳಿ ಎಷ್ಟು ಬಿಸಿಯಾಗಿದೆ ಅನ್ನುವುದನ್ನೇ ಹೇಳುತ್ತೇವೆ. ಟಿವಿಯಲ್ಲಿ ಬರುವುದೂ ಅದೇ ಅಂಕಿ. ಡೆನ್ಮಾರ್ಕಿನ ಫಾಂಗರ್ ಅನ್ನುವವರು 1970ರಲ್ಲಿ ಈ ವಿಷಯಕ್ಕೊಂದು ಗಣಿತದ ಚೌಕಟ್ಟು ಕೊಟ್ಟರು. ಮೈಗೆ ಹಿತವೋ ಅಹಿತವೋ ಅನ್ನುವುದು ಆರು ಸಂಗತಿಗಳ ಮೇಲೆ ನಿಂತಿದೆ: ಗಾಳಿಯ ಬಿಸಿ, ಸುತ್ತಲಿನ ಗೋಡೆ-ಛತ್ತುಗಳಿಂದ ಬರುವ ಝಳ, ಗಾಳಿಯ ಬೀಸು, ತೇವ, ಮೈಮೇಲಿನ ಬಟ್ಟೆ, ಮಾಡುತ್ತಿರುವ ಕೆಲಸ. ಇದನ್ನು ಹಿಂದೆಯೂ ಓದಿದ್ದೆ, ಓದಿ ಮರೆತಿದ್ದೆ. ನನ್ನ ತರಗತಿಗೆ ಇಟ್ಟು ನೋಡಿದಾಗ ಬೇರೆಯೇ ಕಂಡಿತು. ಝಳ: ನೆತ್ತಿಯ ಮೇಲೆ 46ರ ಸ್ಲ್ಯಾಬು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ನಮ್ಮ ಅವ್ವನಿಗೆ ಯಾರೂ ಇದನ್ನು ಕಲಿಸಬೇಕಿಲ್ಲ, ಬೆಂಕಿ ಮುಟ್ಟದೆಯೂ ಸುಡುತ್ತದೆ. ಬೀಸು: ಹಿಂದಿನ ಸಾಲಿಗೆ ಸೊನ್ನೆ. ಬಟ್ಟೆ: ಹುಡುಗಿಯರದು ಚೂಡಿದಾರ, ಮೇಲೊಂದು ಕೋಟು, ಅದರ ಮೇಲೆ ಪಿನ್ನು ಹಾಕಿದ ವೇಲು, ಎಲ್ಲವೂ ಅರ್ಧಕ್ಕರ್ಧ ಪಾಲಿಸ್ಟರ್. ಒದ್ದೆಯಾದರೆ ಮೈಗೆ ಅಂಟುತ್ತದೆ, ಹೀರುವುದಿಲ್ಲ. ನಾನು ಹತ್ತಿಯ ಅರೆತೋಳಿನ ಅಂಗಿ ಹಾಕಿ ಪಾಠ ಮಾಡುತ್ತೇನೆ. ತೇವ ಒಂದೇ ನಮ್ಮ ಪರವಾಗಿರುವುದು. ನಮ್ಮ ಬೇಸಿಗೆ ಒಣ ಬೇಸಿಗೆ, ಬೆವರು ಬಂದದ್ದೇ ಆರುತ್ತದೆ, ಆರುವಾಗ ತಂಪು ಮಾಡುತ್ತದೆ. ಮಂಗಳೂರಿನಲ್ಲಿ ಬಿಎಡ್ ಮಾಡುವಾಗ 33 ಡಿಗ್ರಿಗೇ ನಾನು ಹಿಂಡಿದ ಬಟ್ಟೆಯಂತಾಗುತ್ತಿದ್ದೆ. ಅಲ್ಲಿಯ ಗೆಳೆಯರಿಗೆ ನಮ್ಮೂರಿನ 41 ಅಂದರೆ ಬೆರಗು, ನನಗೆ ಅವರ 33ರ ಮೇಲೆ ಸಿಟ್ಟು.

ಆದರೆ ಬೆವರು ಆರಬೇಕೆಂದರೆ ಬೆವರು ಬರಬೇಕು. ಬೆವರು ಬರಬೇಕೆಂದರೆ ನೀರು ಕುಡಿದಿರಬೇಕು. ಈ ಮಾತಿಗೆ ಮುಂದೆ ಬರುತ್ತೇನೆ, ಯಾಕಂದರೆ ನಾನು ಮುಖ ಕೆಡಿಸಿಕೊಂಡದ್ದು ಅಲ್ಲೇ.

ಇನ್ನೊಂದು ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿದೆ. ಸುಮ್ಮನೆ ಕೂತ ದೊಡ್ಡವರ ಮೈ ಸುಮಾರು 100 ವ್ಯಾಟ್ ಶಾಖ ಬಿಡುತ್ತದೆ, ಮಕ್ಕಳದು ಸ್ವಲ್ಪ ಕಡಿಮೆ ಇರಲಿ, 80 ಹಿಡಿಯಿರಿ ಅಂದೆ. ಕೋಣೆಯಲ್ಲಿ 54 ಮಂದಿ. ಗುಣಿಸಿದರೆ 4,320 ವ್ಯಾಟ್. ಒಬ್ಬ ಹುಡುಗಿ ಕೂಡಲೇ "ಅಂದ್ರ ನಾಕು ಇಸ್ತ್ರಿಪೆಟ್ಟಿಗಿ ಹಚ್ಚಿಟ್ಟಂಗ್ರಿ ಸರ್" ಅಂದಳು. ಅವಳ ಅಪ್ಪನದು ಸೇಡಂನಲ್ಲಿ ಇಸ್ತ್ರಿ ಅಂಗಡಿ. ಇಪ್ಪತ್ತು ಅಡಿ ಅಗಲ, ಇಪ್ಪತ್ತೈದು ಅಡಿ ಉದ್ದದ ಕೋಣೆಯಲ್ಲಿ ನಾಲ್ಕು ಇಸ್ತ್ರಿಪೆಟ್ಟಿಗೆ.

ಫ್ಯಾನಿನ ಬಗ್ಗೆಯೂ ಒಂದು ಮಾತು. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಬೀಸುತ್ತದೆ ಅಷ್ಟೇ. ನಮ್ಮ ಚರ್ಮ ಸುಮಾರು 35ರಲ್ಲಿರುತ್ತದೆ. ಗಾಳಿ ಅದಕ್ಕಿಂತ ತಣ್ಣಗಿದ್ದರೆ ಬೀಸಿದಷ್ಟೂ ಹಿತ. 40ರ ಗಾಳಿ ಬೀಸಿದರೆ ಬೆವರು ಬೇಗ ಆರುವ ಲಾಭ ಒಂದು ಕಡೆ, ಕಮ್ಮಾರನ ತಿದಿ ಊದಿದ ಹಾಗೆ ಮೈಗೆ ಬಿಸಿ ತುಂಬುವ ನಷ್ಟ ಇನ್ನೊಂದು ಕಡೆ. ದಾನಿಗಳು ಬಂದಾಗಲೆಲ್ಲ ಫ್ಯಾನು ಕೊಟ್ಟು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಬೇಡ ಅನ್ನುವುದಿಲ್ಲ. ಕರೆಂಟು ಇದ್ದಾಗ ಅದೂ ತಿರುಗುತ್ತದೆ.

ಇಷ್ಟೆಲ್ಲ ಅಳೆದು, ಕುತೂಹಲಕ್ಕೆ ಚೆಂಡುಗಳನ್ನು ಎತ್ತಿಕೊಂಡು ಹಳೇ ಸಾಲಿಗೆ ಹೋದೆವು. ನಾನು ಒಂದರಿಂದ ನಾಲ್ಕನೆಯವರೆಗೆ ಓದಿದ್ದು ಅಲ್ಲೇ. ಈಗ ಬಿಸಿಯೂಟದ ಅಕ್ಕಿ ಚೀಲ, ಮುರಿದ ಡೆಸ್ಕು, ಚುನಾವಣೆಯ ಸಾಮಾನು ಇಡುವ ಗೋದಾಮು. ಎರಡಡಿ ದಪ್ಪದ ಕಲ್ಲಿನ ಗೋಡೆ, ಬೇವಿನ ತೊಲೆ, ಜಂತಿ, ಮೇಲೆ ಹಲಗೆ, ಅದರ ಮೇಲೆ ಒಂದೂವರೆ ಅಡಿ ಮಣ್ಣು. ನೆಲಕ್ಕೆ ಶಹಾಬಾದಿನ ಪರಸಿ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದರಿಂದ ಬೀಳುವ ಬಿಸಿಲಿನ ಚಕ್ರ ಯಾವ ಪರಸಿಯ ಮೇಲೆ ಬಂತು ಅಂತ ನೋಡಿ ನಮ್ಮ ಮಾಸ್ತರು ಊಟದ ಗಂಟೆ ಹೊಡೆಸುತ್ತಿದ್ದರು. ಹೊರಗೆ 38.5 ಇದ್ದ ಅದೇ ಹೊತ್ತಿಗೆ ಅಲ್ಲಿ ಚೆಂಡು ತೋರಿಸಿದ್ದು 32. ಮಕ್ಕಳು ಒಳಗೆ ಹೋದವರು ಹೊರಗೆ ಬರಲು ಒಪ್ಪಲಿಲ್ಲ. ಪರಸಿಯ ಮೇಲೆ ಕೆನ್ನೆ ಇಟ್ಟು ಮಲಗಿದರು.

ಕಾರಣ ಸರಳ. ನಾಲ್ಕೈದು ಇಂಚಿನ ಸ್ಲ್ಯಾಬಿಗೆ ಮೇಲೆ ಬಿದ್ದ ಬಿಸಿಲು ಕೆಳಗಿಳಿಯಲು ಮೂರು ತಾಸಿನ ಸುಮಾರು ಸಾಕು. ಹನ್ನೆರಡರ ಬಿಸಿಲು ಮೂರಕ್ಕೆ ಮಗುವಿನ ತಲೆ ಮುಟ್ಟುತ್ತದೆ, ಸರಿಯಾಗಿ ಕೊನೆಯ ಪೀರಿಯಡ್ಡುಗಳಿಗೆ. ಒಂದೂವರೆ ಅಡಿ ಮಣ್ಣಿಗೆ ಅದೇ ದಾರಿ ರಾತ್ರಿಯವರೆಗೆ ಹಿಡಿಯುತ್ತದೆ. ಅಷ್ಟರಲ್ಲಿ ಸಾಲಿ ಬಿಟ್ಟಿರುತ್ತದೆ, ಮೇಲಿನ ಮಣ್ಣೂ ಆಕಾಶಕ್ಕೆ ಬಿಸಿ ಬಿಟ್ಟು ತಣ್ಣಗಾಗಿರುತ್ತದೆ.

ಇಲ್ಲಿ ನಮ್ಮ ಹಿರಿಯರ ಜಾಣತನ ಅಂತ ಒಂದು ಪುಟ ಬರೆಯಬಹುದಿತ್ತು. ಬರೆಯುವುದಿಲ್ಲ. ಆ ಮಾಳಿಗೆ ನನ್ನ ಮೂರನೇ ಇಯತ್ತೆಯಲ್ಲಿ ಸೋರಿ, ಸ್ಲೇಟಿನ ಮೇಲೆ ಕೆಸರು ಬಿದ್ದದ್ದು ನೆನಪಿದೆ. ಜಂತಿಯ ಸಂದಿಯಿಂದ ಚೇಳು ಬಿದ್ದು ನಮ್ಮ ತರಗತಿಯ ಹುಡುಗನೊಬ್ಬ ರಾತ್ರಿಯಿಡೀ ಅತ್ತ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿಸಬೇಕು. ಹಾಕುವವರು ಈಗ ಪುಣೆಯಲ್ಲೋ ಹೈದರಾಬಾದಿನಲ್ಲೋ ಸೆಂಟ್ರಿಂಗ್ ಕೆಲಸದಲ್ಲಿದ್ದಾರೆ. ಒಳಗೆ ಕತ್ತಲೆ ಬೇರೆ. ಸ್ಲ್ಯಾಬಿನ ಸಾಲಿ ಬಂದಾಗ ಊರೆಲ್ಲ ಪೇಢಾ ಹಂಚಿತ್ತು, ನಾನೂ ತಿಂದಿದ್ದೆ. ತಪ್ಪು ಆಗಿದ್ದು ಸ್ಲ್ಯಾಬು ಹಾಕಿದ್ದರಲ್ಲಿ ಅಲ್ಲ. ಮಲೆನಾಡಿಗೂ ಸೇಡಂಗೂ ಒಂದೇ ನಕ್ಷೆ ಇಟ್ಟು, ಮೇಲಿನ ಆ ಮಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡುತ್ತಾರೆ ಅಂತ ಒಬ್ಬರೂ ಕೇಳದೆ ಹೋದದ್ದರಲ್ಲಿ. ನಮ್ಮ ಹೊಸ ಕಟ್ಟಡದ ಕಿಟಕಿಗಳು ಪಡುವಣಕ್ಕಿವೆ. ಯಾಕೆ? ರಸ್ತೆ ಆ ಕಡೆ ಇದೆ, ಬೋರ್ಡು ಕಾಣಬೇಕಲ್ಲ.

ಎಷ್ಟು ಬಿಸಿ ಅತಿಯಾಯಿತು ಅನ್ನಲು ನಮ್ಮ ದೇಶದ್ದೇ ಒಂದು ಅಳತೆ ಇದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೇರೆಬೇರೆ ಹವೆಯ ಐದು ಊರುಗಳ ಕಚೇರಿಗಳಲ್ಲಿ ಕೂತವರನ್ನು ಕೇಳಿ, ಆರು ಸಾವಿರಕ್ಕೂ ಹೆಚ್ಚು ಉತ್ತರ ಸೇರಿಸಿ, ಒಂದು ಸೂತ್ರ ಕಟ್ಟಿದ್ದಾರೆ. ಎಸಿ ಇಲ್ಲದ ಕಟ್ಟಡಕ್ಕೆ ಅದು ಹೀಗೆ: ಹಿಂದಿನ ಒಂದು ತಿಂಗಳ ಹೊರಗಿನ ಸರಾಸರಿ ಉಷ್ಣಾಂಶವನ್ನು 0.54ರಿಂದ ಗುಣಿಸಿ 12.83 ಕೂಡಿಸಿ. ನಮ್ಮಲ್ಲಿ ಮಾರ್ಚ್ ಕೊನೆಗೆ ಹಗಲು-ರಾತ್ರಿಯ ಸರಾಸರಿ 31 ಹಿಡಿದರೆ ಸುಮಾರು 29.6 ಬರುತ್ತದೆ. ಅದರ ಆಚೀಚೆ 2.38 ಡಿಗ್ರಿಯವರೆಗೆ ನೂರಕ್ಕೆ ತೊಂಬತ್ತು ಮಂದಿ ಒಪ್ಪುತ್ತಾರೆ. ಅಂದರೆ 32ರ ತನಕ. ಹಳೇ ಸಾಲಿ ಗೆರೆಯ ಮೇಲೆ ನಿಂತಿತ್ತು, ನಮ್ಮ ಕೊನೇ ಬೆಂಚು ಅದರಾಚೆ ಎಂಟು ಡಿಗ್ರಿ.

ಈ ಸೂತ್ರದಲ್ಲಿ ನನಗೆ ಹಿಡಿಸಿದ್ದು ಅಂಕಿಗಳಲ್ಲ, ಅದರ ಹಿಂದಿನ ವಿಚಾರ. ಡಿ ಡಿಯರ್, ಬ್ರೇಗರ್ ಅನ್ನುವ ಇಬ್ಬರು 1998ರಲ್ಲಿ ಜಗತ್ತಿನ ಬೇರೆಬೇರೆ ಕಡೆಯ ಕಟ್ಟಡಗಳ ಲೆಕ್ಕ ಸೇರಿಸಿ ತೋರಿಸಿದ್ದು ಇದನ್ನೇ. ಕಿಟಕಿ ತೆರೆಯುವ ಕಟ್ಟಡದಲ್ಲಿ ಇರುವವರು, ಎಸಿಯಲ್ಲಿ ಕೂತವರಿಗಿಂತ ಹೆಚ್ಚಿನ ಬಿಸಿಯನ್ನೂ ಸರಿ ಅನ್ನುತ್ತಾರೆ. ಒಂದು, ರೂಢಿ. ಇನ್ನೊಂದು, ಅವರ ಕೈಯಲ್ಲಿ ಏನೋ ಇದೆ: ಕಿಟಕಿ ತೆರೆಯಬಹುದು, ಜಾಗ ಬದಲಿಸಬಹುದು, ಗುಂಡಿ ಬಿಚ್ಚಬಹುದು, ಮಜ್ಜಿಗೆ ಕುಡಿದು ಬರಬಹುದು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಂದರೆ ನಾಟಕವಾದೀತು, ಆದರೆ ನಾಚಿಕೆಯಂತೂ ಆಯಿತು. ಆ ಎಲ್ಲ ಉಪಾಯಗಳನ್ನೂ ನಮ್ಮ ಸಾಲಿಯಲ್ಲಿ ಶಿಸ್ತು ಅನ್ನುವ ಹೆಸರಿನಲ್ಲಿ ತೆಗೆದುಹಾಕಿದ್ದು ನಾನೇ. ಎದ್ದು ನಿಂತರೆ "ಕೂಡು". ನೀರು ಅಂದರೆ "ಬೆಲ್ ಆಗ್ಲಿ". ವೇಲು ತೆಗೆದರೆ ಮೇಡಂ ಬೈಯುತ್ತಾರೆ. ಪಟ್ಟಿಪುಸ್ತಕದಿಂದ ಗಾಳಿ ಹಾಕಿಕೊಂಡರೆ "ಲಕ್ಷ್ಯ ಎಲ್ಲದ?"

ಅಮೆರಿಕದ ಶಾಲೆಗಳ ಒಂದು ಅಧ್ಯಯನ 2020ರಲ್ಲಿ ಬಂತು. ಎಸಿ ಇಲ್ಲದ ಕಡೆ ಒಂದು ಶಾಲಾ ವರ್ಷ ಒಂದು ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಬಿಸಿಯಾದರೆ ಆ ವರ್ಷದ ಕಲಿಕೆ ಶೇಕಡಾ ಒಂದರಷ್ಟು ಇಳಿಯುತ್ತದೆ ಅಂತ. ಅದೇ ವರ್ಷ ನಮ್ಮ ದೇಶದ ಮಕ್ಕಳ ಬಗ್ಗೆಯೂ ಒಂದು ಬಂತು, ಅದು ನನ್ನನ್ನು ಹೆಚ್ಚು ಕಾಡಿತು. ಇಲ್ಲಿ ಬಿಸಿ ವರ್ಷದಲ್ಲಿ ಮಕ್ಕಳ ಗಣಿತ, ಓದು ಎರಡೂ ಕುಗ್ಗುವುದಕ್ಕೆ ದೊಡ್ಡ ಕಾರಣ ಬೆಳೆ ಹೋಗಿ ಮನೆಯ ಗಳಿಕೆ ಕುಗ್ಗುವುದು ಅನ್ನುತ್ತದೆ ಅದು. ತೊಗರಿ ಕೈಕೊಟ್ಟ ವರ್ಷ ಜನವರಿ ಮುಗಿಯುವಷ್ಟರಲ್ಲಿ ನನ್ನ ಹಾಜರಿ ಪುಸ್ತಕದಲ್ಲಿ ಹತ್ತು-ಹನ್ನೆರಡು ಹೆಸರಿನ ಮುಂದೆ ಕೆಂಪು ಬೀಳುತ್ತದೆ, ಅವ್ವ-ಅಪ್ಪನ ಜತೆ ದುಡಿಯಲು ಹೋಗಿರುತ್ತಾರೆ. ಅವರಿಗೆ ನಾನು ಛತ್ತಿಗೆ ಸುಣ್ಣ ಹೊಡೆದರೆಷ್ಟು ಬಿಟ್ಟರೆಷ್ಟು. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಮೊದಲು, ನಮ್ಮ ಕಲಬುರಗಿ ಕೊನೆ. ಅದಕ್ಕೆ ಬಿಸಿಲೇ ಕಾರಣ ಅಂತ ನಾನು ಹೇಳಿದರೆ ನನ್ನ ಕೆಲಸವನ್ನು ಸೂರ್ಯನ ತಲೆಗೆ ಕಟ್ಟಿದಂತೆ.

ಸುಣ್ಣದ ಮಾತು ಬಂತಲ್ಲ, ಅದನ್ನೇ ಹೇಳುತ್ತೇನೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಛಾವಣಿಗಂತಲೇ ಒಂದು ನೀತಿ ತಂದಿದೆ. ನಾವು ನೀತಿ ಕಾಯಲಿಲ್ಲ. ಶಿಕ್ಷಕರು ಆರು ಮಂದಿ ಸೇರಿ ಎರಡು ಸಾವಿರದ ಮುನ್ನೂರು ರೂಪಾಯಿ ಹಾಕಿದೆವು. ಸುಣ್ಣ, ಸ್ವಲ್ಪ ಬಿಳಿ ಸಿಮೆಂಟು, ಹಿಡಿದುಕೊಳ್ಳಲು ಫೆವಿಕಾಲ್. ಶನಿವಾರ ಬೆಳಗಿನ ಸಾಲಿ ಮುಗಿದ ಮೇಲೆ ಬೇಡ, ಛತ್ತು ಕಾದಿರುತ್ತದೆ ಅಂತ ಭಾನುವಾರ ಬೆಳಗ್ಗೆ ಆರಕ್ಕೆ ಹತ್ತಿದೆವು. ಮಕ್ಕಳನ್ನು ಮೇಲೆ ಹತ್ತಿಸಲಿಲ್ಲ, ಅವರ ಇಬ್ಬರು ಅಪ್ಪಂದಿರು ಬಂದರು. ಮೊದಲು ಗುಡಿಸಿದೆವು. ಸಿಮೆಂಟಿನ ಬೂದು ಧೂಳು ಮೂರು ಬುಟ್ಟಿ ಹೋಯಿತು. ಎರಡು ಕೋಟು ಹೊಡೆದು ಇಳಿಯುವಾಗ ಬಿಸಿಲೇರಿ, ಬಿಳುಪಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಕಣ್ಣಿಗೆ ಕುಕ್ಕುವ ಆ ಬೆಳಕೇ ಒಳಗಿಳಿಯದೆ ಹೋದ ಬಿಸಿಲು.

ಅಂಥದೇ ಬಿಸಿಲಿನ ಇನ್ನೊಂದು ದಿನ ಮೂರು ಗಂಟೆಗೆ ಗನ್ ಹಿಡಿದೆವು. 46 ಇದ್ದದ್ದು 39. ಕೋಣೆಯ ಗಾಳಿ 37ರಿಂದ 35ಕ್ಕೆ, ಕೊನೇ ಬೆಂಚಿನ ಚೆಂಡು 40ರಿಂದ 36ಕ್ಕೆ. ಹಿತ ಅನ್ನಲಾಗದು, ಸಹಿಸಬಹುದು ಅನ್ನಬಹುದು. ಮಳೆಗಾಲ ಮುಗಿಯುವ ಹೊತ್ತಿಗೆ ಸುಣ್ಣ ಅರ್ಧ ಕೊಚ್ಚಿಹೋಗಿತ್ತು, ಉಳಿದದ್ದರ ಮೇಲೆ ಧೂಳು ಕೂತಿತ್ತು. ಈ ವರ್ಷ ಫೆಬ್ರುವರಿಯಲ್ಲಿ ಮತ್ತೆ ಹೊಡೆದೆವು. ಮಣ್ಣು ಹಾಕಿಸುವ ಕೆಲಸ ತಪ್ಪಿತು ಅಂದುಕೊಂಡಿದ್ದೆವು, ಈ ರೂಪದಲ್ಲಿ ಬಂತು.

ರಾತ್ರಿಯ ಉಪಾಯ ಸೂಚಿಸಿದ್ದು ನಮ್ಮ ಅವ್ವ. ಅಂಕಿಗಳನ್ನೆಲ್ಲ ಹೇಳಿದಾಗ, "ನಿಮ್ಮ ಸಾಲಿಗಿ ರಾತ್ರಿ ಕೀಲಿ ಹಾಕ್ತೀರಿ, ಅದಕ್ಕ ಉಸಿರಾಡ್ಲಾಕ ಬ್ಯಾಡೇನೋ ತಮ್ಮಾ" ಅಂದಳು. ನಿಜ. ಮನೆಯಲ್ಲಿ ಹಗಲು ಕಿಟಕಿ ಮುಚ್ಚಿ ರಾತ್ರಿ ತೆರೆಯುತ್ತೇವೆ, ಹಾಸಿಗೆ ಮಾಳಿಗೆಗೇ ಹೋಗುತ್ತದೆ. ಸಾಲಿಯಲ್ಲಿ ತದ್ವಿರುದ್ಧ. ಬಿಸಿಗಾಳಿ ಬೀಸುವಾಗ ಎಲ್ಲ ತೆರೆದಿರುತ್ತದೆ, ತಂಪು ಬರುವ ಹೊತ್ತಿಗೆ ಬೀಗ. ಬೆಳಗ್ಗೆ ಹತ್ತಕ್ಕೆ ಬಾಗಿಲು ತೆಗೆದರೆ ನಿನ್ನೆಯ ಬಿಸಿ ಮುಖಕ್ಕೆ ಹೊಡೆಯುತ್ತದೆ. ಕಿಟಕಿ ಬಿಟ್ಟು ಹೋಗೋಣ ಅಂದರೆ ಕಂಪ್ಯೂಟರ್ ಕಳವಾದರೆ ಯಾರು ಹೊಣೆ ಅಂತ ಹೆಡ್ ಮಾಸ್ತರರು. ಅವರದೂ ತಪ್ಪಿಲ್ಲ. ಕೊನೆಗೆ ಛತ್ತಿನ ಕೆಳಗಿನ ವೆಂಟಿಲೇಟರುಗಳ ಗಾಜು ಬಿಚ್ಚಿಸಿ ಜಾಳಿಗೆ ಹೊಡೆಸಿದೆವು. ಅವು ರಾತ್ರಿಯಿಡೀ ತೆರೆದಿರುತ್ತವೆ. ಬಿಸಿಗಾಳಿ ಮೇಲೇರಿ ನಿಲ್ಲುವುದೂ ಅಲ್ಲೇ ಅಲ್ಲವೇ. ಬೆಳಗಿನ ಕೋಣೆ ಈಗ ಬೇರೆ ಅನ್ನಿಸುತ್ತದೆ. ಗುಬ್ಬಿಗಳ ಕಾಟ ಮಾತ್ರ ತಪ್ಪಿತು, ಅದಕ್ಕೆ ಮಕ್ಕಳಿಗೆ ಬೇಜಾರು.

ಇನ್ನು ನೀರು. ಕೇರಳದ ಶಾಲೆಗಳಲ್ಲಿ 2019ರಲ್ಲಿ ಹೆಸರಾದ ವಾಟರ್ ಬೆಲ್ಲಿನ ಸುದ್ದಿ ಓದಿದ್ದೆ. ದಿನಕ್ಕೆ ಮೂರು ಸಲ ಗಂಟೆ ಹೊಡೆಸಿ ಎಲ್ಲರೂ ಬಾಟಲಿ ಎತ್ತಬೇಕು ಅಂತ ನಿಯಮ ಮಾಡಿದೆ. ಹುಡುಗರು ಕುಡಿದರು. ಹುಡುಗಿಯರು ಬಾಟಲಿ ಎತ್ತಿ ತುಟಿಗೆ ಹಚ್ಚಿ ಇಳಿಸಿದರು. ಒಂದು ವಾರ ನನಗೆ ಅದು ಕಾಣಲೇ ಇಲ್ಲ. ಕಂಡ ಮೇಲೆ, ಹಟ ಅಂದುಕೊಂಡು ಎಲ್ಲರೆದುರು ಬೈದೆ. ಯಾರೂ ಬಾಯಿ ಬಿಡಲಿಲ್ಲ. ಸಂಜೆ ಹಿಂದಿ ಮೇಡಂ ಸ್ಟಾಫ್ ರೂಮಿನಲ್ಲಿ ಒಂದೇ ಮಾತು ಹೇಳಿದರು: "ಸರ್, ಅವರ ಶೌಚಾಲಯಕ್ಕೆ ಬಾಗಿಲಿನ ಚಿಲಕ ಹೋಗಿ ಎರಡು ತಿಂಗಳಾಯ್ತು. ನೀರೂ ಇಲ್ಲ. ನಾನೂ ಇಲ್ಲಿ ಬಂದ ಮೇಲೆ ಸಂಜೆ ತನಕ ಕುಡಿಯೋದಿಲ್ಲ." ನಾನು ಡಿಗ್ರಿಯ ದಶಮಾಂಶ ಬರೆದುಕೊಳ್ಳುತ್ತಿದ್ದೆ. ಚಿಲಕಕ್ಕೆ ಎಂಬತ್ತು ರೂಪಾಯಿ. ನೀರಿನ ಪೈಪು ಮೇಲಕ್ಕೆ ಎಳೆಸಲು ಮಾತ್ರ ಗ್ರಾಮ ಪಂಚಾಯಿತಿಗೆ ಐದು ಸಲ ಅಲೆದೆವು. ಈಗ ಬರುತ್ತದೆ, ದಿನ ಬಿಟ್ಟು ದಿನ. ಬೈದದ್ದಕ್ಕೆ ತರಗತಿಯಲ್ಲೇ ತಪ್ಪಾಯಿತು ಅಂದೆ. ಹುಡುಗಿಯರು ನನಗಿಂತ ಹೆಚ್ಚು ಮುಜುಗರಪಟ್ಟು ಪುಸ್ತಕ ನೋಡುತ್ತ ಕೂತರು.

ಮಿಕ್ಕವು ಸಣ್ಣವು. ನನ್ನ ಟೇಬಲ್ಲು ಫ್ಯಾನಿನ ಕೆಳಗಿನಿಂದ ಬಾಗಿಲ ಮೂಲೆಗೆ ಹೋಯಿತು, ಆ ಜಾಗಕ್ಕೆ ಒಂದು ಸಾಲು ಬೆಂಚು ಬಂತು. ಸಾಲುಗಳು ವಾರಕ್ಕೊಮ್ಮೆ ಹಿಂದೆ-ಮುಂದೆ ಸರಿಯುತ್ತವೆ, ಹಾಗಾಗಿ ಕೊನೇ ಬೆಂಚಿನವರು ಅಂತ ಒಂದು ಜಾತಿಯೇ ಈಗ ಇಲ್ಲ. ಗಣಿತ ಬೆಳಗ್ಗೆ, ಪಿಟಿ ಮೊದಲ ಪೀರಿಯಡ್ಡು, ಮೂರರ ನಂತರ ಓದಿಸುವುದಷ್ಟೇ. ಮಾರ್ಚ್ ಒಂದರಿಂದ ವೇಲಿಗೆ ಪಿನ್ನು ಕಡ್ಡಾಯವಲ್ಲ ಅಂತ ಹಿಂದಿ ಮೇಡಂ ಹೆಡ್ ಮಾಸ್ತರರನ್ನು ಒಪ್ಪಿಸಿದ್ದಾರೆ. ಹೇಗೆ ಒಪ್ಪಿಸಿದರೋ, ನನಗೆ ಆಗಿರಲಿಲ್ಲ. ಬೇವಿನ ಮರದ ಕೆಳಗೆ ಪಾಠ ಮಾಡಿಯೂ ನೋಡಿದೆವು. ಮೈಗೆ ಹಿತ, ಕಿವಿಗೆ ಅಲ್ಲ. ಡಿಜೆ ಹಚ್ಚಿಕೊಂಡ ಟ್ರ್ಯಾಕ್ಟರ್ ಒಂದು ಹೋದರೆ ಹೆರಾನ್ ಸೂತ್ರ ಅದರ ಹಿಂದೆಯೇ ಹೋಗುತ್ತದೆ.

ಉಳಿದದ್ದು ಪಡುವಣದ ಕಿಟಕಿ. ಎರಡು ಗಂಟೆಯ ಮೇಲೆ ನೇರ ಬಿಸಿಲು ಒಳಗೇ ಬಂದು ಮೂರು ಬೆಂಚಿನ ಮೇಲೆ ಕೂಡುತ್ತದೆ. ಒಳಗೆ ಪರದೆ ಹಾಕಿದರೆ ಪ್ರಯೋಜನ ಕಡಿಮೆ, ಬಿಸಿ ಆಗಲೇ ಒಳಗೆ ಬಂದಾಗಿರುತ್ತದೆ. ತಡೆಯಬೇಕಾದದ್ದು ಹೊರಗೆ, ಗೋಡೆಯಿಂದ ಒಂದು ಗೇಣು ಜಾಗ ಬಿಟ್ಟು, ನಡುವೆ ಗಾಳಿ ಆಡುವ ಹಾಗೆ. ಸಜ್ಜಾ ಹಾಕಿಸಲು ದುಡ್ಡಿಲ್ಲ. ಹುಡುಗರು ಹೋದ ಚುನಾವಣೆಯ ಒಂದು ಫ್ಲೆಕ್ಸು ಎಲ್ಲಿಂದಲೋ ಹೊತ್ತು ತಂದರು, ಹನ್ನೆರಡು ಅಡಿಯದು, ಕೈ ಮುಗಿದು ನಿಂತ ನಗುಮುಖ. ಯಾರದಂತ ನಾನು ಹೇಳುವುದಿಲ್ಲ. ಬಿದಿರು ಕಟ್ಟಿ ಏರಿಸುವಾಗ ಜಗಳ ಶುರುವಾಯಿತು, ಮುಖ ಒಳಗಡೆ ಇರಬೇಕೋ ಹೊರಗಡೆ ಇರಬೇಕೋ ಅಂತ. ಒಳಗಡೆ ಇದ್ದರೆ ದಿನವಿಡೀ ನಮ್ಮನ್ನೇ ನೋಡುತ್ತಾರೆ ಅನ್ನುವುದು ಹುಡುಗಿಯರ ತಕರಾರು. ಗನ್ನಿನ ಗುಂಡಿ ಕಂಡುಹಿಡಿದ ಆ ಹುಡುಗನೇ ತೀರ್ಪು ಕೊಟ್ಟ:

"ಹೊರಗ ಮಾಡ್ರಲೇ. ಬಿಸಲು ಅವರೇ ತಿನ್ಲಿ."